ವಲಸೆ ಹಕ್ಕಿ ಉಣುಗನ್ನು ತರುತ್ತದೆ, ನೆಲೆ ಕೊಡುವುದು ನೆಲ

ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೇಂದ್ರಗಳಲ್ಲಿ ಹಕ್ಕಿಯ ಮೈಮೇಲೆ ಊದಿ ನೋಡುವ ರೂಢಿ ಇದೆ. ತೆಳು ಬಲೆಯಿಂದ ಬಿಡಿಸಿದ ಪುಟ್ಟ ಹಕ್ಕಿಯನ್ನು ಅಂಗೈಗೆ ಒರಗಿಸಿ, ಕತ್ತಿನ ಎರಡೂ ಬದಿಗೆ ಬೆರಳಿಟ್ಟು ಹಿಡಿಯುತ್ತಾರೆ. ಹೊಟ್ಟೆಯ ಮೇಲೆ ಊದಿದರೆ ಗರಿ ಸರಿದು, ಚರ್ಮದ ಅಡಿಯಲ್ಲಿ ಎಷ್ಟು ಕೊಬ್ಬು ಕೂಡಿದೆ ಅನ್ನುವುದು ಕಾಣುತ್ತದೆ. ತಲೆಯ ಮೇಲೆ ಊದಿದರೆ ಕೆಲವೊಮ್ಮೆ ಬೂದು ಬಣ್ಣದ ಸಣ್ಣ ಗಂಟು ಕಣ್ಣಿಗೆ ಬೀಳುತ್ತದೆ. ರೆಪ್ಪೆಯ ಅಂಚಿನಲ್ಲಿ, ಕಿವಿಯ ತೂತಿನ ಸುತ್ತ, ಕೊಕ್ಕಿನ ಮೂಲೆಯಲ್ಲಿ. ಅದು ಉಣುಗು. ದನ, ನಾಯಿಗಳ ಮೈಗೆ ಹತ್ತುವ ಉಣ್ಣೆಯ ಬಳಗದ್ದೇ.

ಅದು ತಲೆಯ ಮೇಲೇ ಯಾಕೆ ಜಾಸ್ತಿ? ಹಕ್ಕಿ ತನ್ನ ಕೊಕ್ಕಿನಿಂದ ಮೈಯ ಬಹುತೇಕ ಎಲ್ಲ ಕಡೆ ಕೆದಕಿಕೊಳ್ಳಬಲ್ಲದು, ತಲೆಯನ್ನು ಮಾತ್ರ ಆಗುವುದಿಲ್ಲ. ಕಾಲಿನಿಂದ ಕೆರೆದುಕೊಳ್ಳಬಹುದು, ಆದರೆ ಬಿಗಿಯಾಗಿ ಕಚ್ಚಿಕೊಂಡ ಉಣುಗು ಅಷ್ಟಕ್ಕೆ ಬಿಡುವುದಿಲ್ಲ. ಚರ್ಮಕ್ಕೆ ತಾಗುವಷ್ಟು ಹತ್ತಿರದಲ್ಲಿ ಚಿಮಟ ಇಟ್ಟು, ನೇರವಾಗಿ ಎಳೆದು ತೆಗೆಯಬೇಕು. ಅದನ್ನು ಆಲ್ಕೋಹಾಲ್ ತುಂಬಿದ ಪುಟ್ಟ ಸೀಸೆಗೆ ಹಾಕಿ, ಹಕ್ಕಿಯ ಉಂಗುರದ ನಂಬರ್ ಬರೆದು, ಹಕ್ಕಿಯನ್ನು ಹಾರಲು ಬಿಡುತ್ತಾರೆ.

ಈ ಸೀಸೆಗಳೊಳಗೆ ಏನಿದೆ ಅನ್ನುವುದು ಈಗ ಆರೋಗ್ಯ ಇಲಾಖೆಗಳು ಗಮನಿಸುವ ವಿಷಯ. ಬೇಸಿಗೆ ಬಂತೆಂದರೆ ಯುರೋಪ್, ಉತ್ತರ ಅಮೆರಿಕದ ಪತ್ರಿಕೆಗಳಲ್ಲಿ ಒಂದೇ ಥರದ ಸುದ್ದಿ ಬರುತ್ತದೆ. ವಲಸೆ ಹಕ್ಕಿಗಳು ದೂರದ ನಾಡಿನಿಂದ ಅಪಾಯಕಾರಿ ಉಣುಗುಗಳನ್ನು ಹೊತ್ತು ತರುತ್ತಿವೆ ಅಂತ. ಸುದ್ದಿ ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧ ಮಾತು ಬಿಟ್ಟುಹೋಗಿದೆ. ಹಕ್ಕಿಗಳು ಉಣುಗುಗಳನ್ನು ಹೊತ್ತು ತರುವುದು ಹೊಸದೇನಲ್ಲ, ಸಾವಿರಾರು ವರ್ಷಗಳಿಂದ ನಡೆದುಬಂದಿದೆ. ಹೊಸದು ಬೇರೆ ಇದೆ. ಹಕ್ಕಿಯ ಮೈಯಿಂದ ಕೆಳಗೆ ಬಿದ್ದ ಉಣುಗು ಮೊದಲು ಸಾಯುತ್ತಿದ್ದ ಜಾಗಗಳಲ್ಲಿ ಈಗ ಬದುಕಿ ಉಳಿಯುತ್ತಿದೆ. ಇದು ಹಕ್ಕಿಯ ಕಥೆಗಿಂತ ಜಾಸ್ತಿ ನೆಲದ ಕಥೆ ಅನ್ನುವುದು ನನ್ನ ವಾದ. ಅದು ಅರ್ಥವಾಗಬೇಕಾದರೆ ಹಕ್ಕಿಯ ಮೈಮೇಲೆ ಯಾರು ಯಾರು ಪಯಣ ಮಾಡುತ್ತಾರೆ, ಅವರಲ್ಲಿ ಯಾರು ದಾರಿಯಲ್ಲಿ ಇಳಿದುಹೋಗುತ್ತಾರೆ ಅಂತ ಮೊದಲು ನೋಡಬೇಕು.

ಇಳಿಯದ ಪಯಣಿಗರು

ಹೇನಿನಿಂದ ಶುರು ಮಾಡೋಣ. ಹಕ್ಕಿಗಳ ಹೇನುಗಳು ನಮ್ಮ ತಲೆಯ ಹೇನಿನ ಹಾಗಲ್ಲ. ಬಹುಪಾಲು ಹೇನುಗಳು ಗರಿಯನ್ನೇ ಕಡಿದು ತಿನ್ನುತ್ತವೆ, ರಕ್ತ ಕುಡಿಯುವವು ಕಡಿಮೆ. ಮೊಟ್ಟೆಯನ್ನು ಗರಿಗೇ ಅಂಟಿಸುತ್ತವೆ. ಹುಟ್ಟು, ಊಟ, ಸಂತಾನ, ಸಾವು ಎಲ್ಲವೂ ಹಕ್ಕಿಯ ಮೈಮೇಲೆಯೇ. ಆ ಬಿಸಿ ಮೈಯಿಂದ ಹೊರಗೆ ಬಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ಒಂದು ಹಕ್ಕಿಯಿಂದ ಇನ್ನೊಂದಕ್ಕೆ ದಾಟುವುದು ಮುಖ್ಯವಾಗಿ ಗೂಡಿನಲ್ಲಿ, ತಾಯಿಯಿಂದ ಮರಿಗೆ. ಇಲ್ಲವೇ ಗಂಡು ಹೆಣ್ಣು ಕೂಡುವಾಗ. ಹಾಗಾಗಿ ವಲಸೆ ಹಕ್ಕಿಯ ಹೇನು ಹಕ್ಕಿಯ ಜೊತೆಗೇ ಹೋಗುತ್ತದೆ, ಹಕ್ಕಿಯ ಜೊತೆಗೇ ವಾಪಸ್ ಬರುತ್ತದೆ. ಬೇರೆ ನಾಡಿನಲ್ಲಿ ಅದು ಬಿಟ್ಟುಹೋಗುವುದು ಏನೂ ಇಲ್ಲ.

ಆದರೆ ಹೊತ್ತ ಹಕ್ಕಿಗೆ ಅದು ಸಣ್ಣ ಹೊರೆಯಲ್ಲ. ಪಾರಿವಾಳಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ಹೇನು ಜಾಸ್ತಿಯಾದಾಗ ಮೈಯ ಒಳಗರಿಗಳು ಹಾಳಾಗಿ ಹಕ್ಕಿ ಬೇಗ ಬೇಗ ಶಾಖ ಕಳೆದುಕೊಳ್ಳುತ್ತದೆ ಅಂತ ಗೊತ್ತಾಗಿದೆ. ಕಳೆದುಕೊಂಡ ಶಾಖವನ್ನು ತುಂಬಿಕೊಳ್ಳಲು ಅದು ಮೈಯ ಕೊಬ್ಬನ್ನೇ ಉರಿಸಬೇಕು. ದೂರದ ಹಾರಾಟಕ್ಕೆ ಅಂತ ಕೂಡಿಟ್ಟ ಕೊಬ್ಬಿನ ಮೇಲೆ ಬದುಕು ನಿಂತಿರುವ ಹಕ್ಕಿಗೆ ಇದು ದೊಡ್ಡ ನಷ್ಟ.

ಪಾರಿವಾಳದ ಕೊಕ್ಕನ್ನು ಹತ್ತಿರದಿಂದ ನೋಡಿ. ಮೇಲಿನ ಕೊಕ್ಕಿನ ತುದಿ ಕೆಳಗಿನದಕ್ಕಿಂತ ಒಂದೆರಡು ಮಿಲಿಮೀಟರ್ ಮುಂದೆ ಬಂದು ಬಾಗಿರುತ್ತದೆ. ನೋಡಲು ಏನೂ ಅಲ್ಲದ ಬಾಗು. 2005ರಲ್ಲಿ ಅಮೆರಿಕದ ಯುಟಾದ ಸಂಶೋಧಕರು ಕೆಲವು ಪಾರಿವಾಳಗಳ ಆ ತುದಿಯನ್ನು ನೋವಾಗದ ಹಾಗೆ ತೇಯ್ದು ಸಮ ಮಾಡಿದರು. ಹಕ್ಕಿಗಳು ಮೊದಲಿನಂತೆಯೇ ಕಾಳು ತಿಂದವು, ತೂಕ ಇಳಿಯಲಿಲ್ಲ. ಆದರೆ ಮೈಮೇಲೆ ಹೇನು ಎದ್ದುಬಿಟ್ಟಿತು. ಕೊಕ್ಕು ಆಡುವಾಗ ಕೆಳಗಿನ ತುದಿ ಮೇಲಿನ ಬಾಗಿಗೆ ಉಜ್ಜುತ್ತದೆ, ನಡುವೆ ಸಿಕ್ಕ ಹೇನು ಜಜ್ಜಿಹೋಗುತ್ತದೆ. ಬಾಗು ಮತ್ತೆ ಬೆಳೆದ ಮೇಲೆ ಹೇನೂ ಇಳಿಯಿತು. ಕೊಕ್ಕಿನ ಆಕಾರ ಆಹಾರಕ್ಕಾಗಿ ಮಾತ್ರ ಅಂತ ಓದಿಕೊಂಡು ಬಂದ ನಮಗೆ ಈ ಪ್ರಯೋಗ ದೊಡ್ಡ ಪಾಠ. ಹಕ್ಕಿಯ ಮೈಯ ರಚನೆಯಲ್ಲೇ ಹೇನಿನ ಜೊತೆಗಿನ ಕಾದಾಟ ಸೇರಿಕೊಂಡಿದೆ.

ಹೇನಿನ ಕಡೆಯಿಂದಲೂ ಅಷ್ಟೇ ಬಿರುಸು. ಅದೇ ತಂಡ ಬಿಳಿ, ಬೂದು, ಕಪ್ಪು ಪಾರಿವಾಳಗಳ ಮೇಲೆ ಒಂದೇ ಮೂಲದ ಹೇನುಗಳನ್ನು ಬಿಟ್ಟು ನಾಲ್ಕು ವರ್ಷ ಗಮನಿಸಿತು. ಹೇನಿಗೆ ಅದು ಸುಮಾರು 60 ತಲೆಮಾರು. ಬಿಳಿ ಹಕ್ಕಿಯ ಮೇಲಿನವು ಬರಬರುತ್ತಾ ತಿಳಿ ಬಣ್ಣಕ್ಕೆ ತಿರುಗಿದವು, ಕಪ್ಪು ಹಕ್ಕಿಯ ಮೇಲಿನವು ಕಡುಬಣ್ಣಕ್ಕೆ. ಗರಿಯ ಬಣ್ಣದಲ್ಲಿ ಎದ್ದು ಕಾಣುವ ಹೇನು ಮೊದಲು ಕೊಕ್ಕಿಗೆ ಸಿಗುತ್ತದೆ, ಕಾಣದ್ದು ಉಳಿಯುತ್ತದೆ.

ಇಲ್ಲಿ ಇನ್ನೊಂದು ಹೇನಿನ ಮಾತು ಹೇಳಲೇಬೇಕು. ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ ಕೋಟಿಗಟ್ಟಲೆ ಇದ್ದ, ಹಿಂಡು ಹಿಂಡಾಗಿ ಅಲೆಯುತ್ತಿದ್ದ ಪ್ಯಾಸೆಂಜರ್ ಪಿಜನ್ ಬೇಟೆಗೆ ಸಿಕ್ಕಿ 1914ರಲ್ಲಿ ಪೂರ್ತಿ ಅಳಿಯಿತು. ಅದರ ಮೇಲಷ್ಟೇ ಇತ್ತು ಅಂದುಕೊಂಡಿದ್ದ ಹೇನಿಗೆ ವಿಜ್ಞಾನಿಗಳು ಆಮೇಲೆ ಕೊಲಂಬಿಕೋಲ ಎಕ್ಸ್‌ಟಿಂಕ್ಟಸ್ ಅಂತ ಹೆಸರಿಟ್ಟರು. 1999ರಲ್ಲಿ ಅದೇ ಹೇನು ಇನ್ನೊಂದು ಕಾಡುಪಾರಿವಾಳದ ಮೇಲೆ ಜೀವಂತ ಸಿಕ್ಕಿತು. ಕ್ಯಾಲಿಫೋರ್ನಿಯಾ ಕಾಂಡೊರ್ ಅನ್ನುವ ದೊಡ್ಡ ರಣಹದ್ದಿನ ಹೇನಿಗೆ ಆ ಅದೃಷ್ಟ ಇರಲಿಲ್ಲ. 1980ರ ದಶಕದಲ್ಲಿ ಉಳಿದಿದ್ದ ಬೆರಳೆಣಿಕೆಯ ಕಾಂಡೊರ್‌ಗಳನ್ನು ಹಿಡಿದು ಸಾಕುವಾಗ ಔಷಧಿ ಹಾಕಿ ಅವುಗಳ ಮೈ ಶುಚಿ ಮಾಡಿದರು. ಹಕ್ಕಿ ಉಳಿಯಿತು. ಲಕ್ಷಾಂತರ ವರ್ಷ ಅದರ ಜೊತೆ ಬಂದಿದ್ದ ಹೇನು ಹೋಯಿತು. ಆ ಹೇನಿನಿಂದ ಹಕ್ಕಿಗೆ ಕೇಡಿತ್ತು ಅನ್ನುವುದಕ್ಕೆ ಪುರಾವೆ ಇರಲಿಲ್ಲ. ಅದನ್ನು ಕಳೆದುಕೊಂಡದ್ದು ನಿಜವಾದ ನಷ್ಟ ಅಂತಲೇ ನಾನು ನಂಬುತ್ತೇನೆ.

ಇನ್ನು ಗರಿನುಸಿ. ಸಣ್ಣ ಹಕ್ಕಿಯ ರೆಕ್ಕೆಯನ್ನು ಬಿಡಿಸಿ ಬೆಳಕಿಗೆ ಹಿಡಿದರೆ, ಗರಿಯ ಎಳೆಗಳ ನಡುವೆ ಸಾಲಾಗಿ ಕೂತ ಚುಕ್ಕೆಗಳು ಕಾಣುತ್ತವೆ. ಧೂಳು ಅನ್ನಿಸುತ್ತದೆ, ಆದರೆ ಅವು ಜೀವಂತ ನುಸಿಗಳು. ಬಹುಪಾಲು ಗರಿನುಸಿಗಳು ಗರಿಯನ್ನೂ ತಿನ್ನುವುದಿಲ್ಲ, ರಕ್ತವನ್ನೂ ಕುಡಿಯುವುದಿಲ್ಲ. ಹಕ್ಕಿ ಗರಿಗೆ ಸವರಿಕೊಳ್ಳುವ ಎಣ್ಣೆ, ಅದಕ್ಕೆ ಅಂಟಿದ ಬೂಷ್ಟು, ಬ್ಯಾಕ್ಟೀರಿಯಾ, ಇವೇ ಅವುಗಳ ಊಟ. 2019ರ ಹೊತ್ತಿಗೆ ನುಸಿಗಳ ಹೊಟ್ಟೆಯೊಳಗಿನ ಡಿಎನ್‌ಎ ಪರೀಕ್ಷೆಯಲ್ಲೂ ಇದು ಖಚಿತವಾಯಿತು. ಅಂದರೆ ಇವು ಗರಿಯನ್ನು ಶುಚಿ ಮಾಡುವ ಜೊತೆಗಾರರೇ ಇರಬಹುದು. ಹಳೆ ಗರಿ ಉದುರುವ ಮೊದಲೇ ಅವು ಅದನ್ನು ಬಿಟ್ಟು ಪಕ್ಕದ ಗರಿಗೆ ಹೋಗಿ ಕೂರುತ್ತವೆ. ಎಲ್ಲ ನುಸಿಯೂ ಇಷ್ಟು ಸಾಧು ಅಲ್ಲ ಅನ್ನುವುದೂ ನಿಜ. ಗೂಡಿನಲ್ಲಿ ಸೇರಿಕೊಂಡು ಮರಿಗಳ ರಕ್ತ ಹೀರುವ ನುಸಿಗಳಿವೆ, ಬಾರ್ನ್ ಸ್ವಾಲೋ ಹಕ್ಕಿಯ ಮರಿಗಳ ಬೆಳವಣಿಗೆಗೆ ಅವು ಪೆಟ್ಟು ಕೊಡುತ್ತವೆ.

ಹಕ್ಕಿಗಳ ಮೇಲಿನ ಚಿಗಟಗಳು ಗೂಡಿನ ನಿವಾಸಿಗಳು, ಪಯಣದಲ್ಲಿ ಅವುಗಳ ಪಾಲು ಕಡಿಮೆ.

ಹೇನುನೊಣದ ಬದುಕು ಮಾತ್ರ ವಿಚಿತ್ರ. ಚಪ್ಪಟೆ ಮೈ, ಕೊಕ್ಕೆಯಂಥ ಉಗುರು, ಗರಿಗಳ ನಡುವೆ ಏಡಿಯ ಹಾಗೆ ಅಡ್ಡಡ್ಡ ಸರಿದಾಟ. ಇದು ರಕ್ತ ಹೀರುತ್ತದೆ. ಮೊಟ್ಟೆ ಇಡುವುದಿಲ್ಲ, ಒಂದು ಸಲಕ್ಕೆ ಒಂದೇ ಮರಿಹುಳವನ್ನು ಹೊಟ್ಟೆಯೊಳಗೇ ಬೆಳೆಸಿ, ಕೋಶವಾಗುವ ಹಂತದಲ್ಲಿ ಹೊರಗೆ ಹಾಕುತ್ತದೆ. ಕಾಮನ್ ಸ್ವಿಫ್ಟ್ ಹಕ್ಕಿಯ ಹೇನುನೊಣಕ್ಕೆ ರೆಕ್ಕೆ ಮೊಟಕಾಗಿದೆ, ಹಾರಲು ಬಾರದು. ಸ್ವಿಫ್ಟ್ ಯುರೋಪ್ ಬಿಟ್ಟು ಆಫ್ರಿಕಾಕ್ಕೆ ಹೊರಟಾಗ ನೊಣದ ಕೋಶಗಳು ಖಾಲಿ ಗೂಡಿನಲ್ಲೇ ಚಳಿಗಾಲ ಕಳೆಯುತ್ತವೆ. ಮುಂದಿನ ಬೇಸಿಗೆಗೆ ಹಕ್ಕಿ ಅದೇ ಗೂಡಿಗೆ ಮರಳುವ ಹೊತ್ತಿಗೆ ನೊಣ ಹೊರಬರುತ್ತದೆ. ಹಕ್ಕಿ ಖಂಡ ದಾಟುತ್ತದೆ, ಅದರ ರಕ್ತ ಕುಡಿಯುವ ಜೀವಿ ಇದ್ದಲ್ಲೇ ಕಾಯುತ್ತದೆ. ಹಾರಬಲ್ಲ ಬೇರೆ ಹೇನುನೊಣಗಳ ಕಾಲಿಗೋ ಹೊಟ್ಟೆಗೋ ಕಚ್ಚಿಕೊಂಡು ಕೆಲವು ಹೇನುಗಳು ಒಂದು ಹಕ್ಕಿಯಿಂದ ಇನ್ನೊಂದಕ್ಕೆ ದಾಟುವುದೂ ಉಂಟು.

ಇದನ್ನೆಲ್ಲ ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ‘ವಲಸೆ ಹಕ್ಕಿಗಳ ಮೈಮೇಲೆ ಪರಾವಲಂಬಿಗಳು’ ಅಂತ ಒಟ್ಟಾಗಿ ಹೇಳಿದಾಗ ಎಲ್ಲವೂ ಒಂದೇ ಥರದ ಅಪಾಯ ಅನ್ನಿಸುತ್ತದೆ. ಹಾಗಿಲ್ಲ. ಇವುಗಳಲ್ಲಿ ಹೆಚ್ಚಿನವು ಹಕ್ಕಿಗೆ ಸೇರಿದವು, ನಮಗೆ ಸಂಬಂಧವೇ ಇಲ್ಲ. ಸಂಬಂಧ ಬರುವುದು ಉಣುಗಿನ ವಿಷಯದಲ್ಲಿ.

ಇಳಿದುಹೋಗುವ ಪಯಣಿಗ

ಉಣುಗು ತನ್ನ ಬದುಕಿನ ಬಹುಪಾಲನ್ನು ನೆಲದ ಮೇಲೆ, ತರಗೆಲೆಯಲ್ಲಿ, ಹುಲ್ಲಿನ ಬುಡದಲ್ಲಿ ಕಳೆಯುತ್ತದೆ. ಮೊಟ್ಟೆಯಿಂದ ಆರು ಕಾಲಿನ ಲಾರ್ವಾ, ಅದರಿಂದ ಎಂಟು ಕಾಲಿನ ನಿಂಫ್, ಆಮೇಲೆ ಬೆಳೆದ ಉಣುಗು. ಹೆಚ್ಚಿನ ಜಾತಿಗಳಲ್ಲಿ ಒಂದೊಂದು ಹಂತಕ್ಕೂ ಒಂದೊಂದು ಸಲ ಹೊಟ್ಟೆ ತುಂಬ ರಕ್ತ ಬೇಕು. ಬಾಯಿಯ ಮುಳ್ಳುಸಲಾಕೆಯನ್ನು ಚರ್ಮಕ್ಕೆ ಚುಚ್ಚಿ, ನೋವು ಗೊತ್ತಾಗದ ಹಾಗೆ ಜೊಲ್ಲು ಬಿಟ್ಟು, ಎಷ್ಟೋ ಜಾತಿಗಳು ಸಿಮೆಂಟಿನಂಥ ಅಂಟನ್ನೂ ಸುರಿಸಿ, ದಿನಗಟ್ಟಲೆ ಅಲ್ಲೇ ಕೂರುತ್ತವೆ. ಹೊಟ್ಟೆ ತುಂಬಿದ ಮೇಲೆ ಬಿಟ್ಟು ಕೆಳಗೆ ಬೀಳುತ್ತವೆ. ಎಲ್ಲಿ ಬೀಳುತ್ತವೋ ಅದೇ ಅವುಗಳ ಹೊಸ ಊರು.

ಸಾಮಾನ್ಯ ಉಣುಗಿನ ಲಾರ್ವಾ, ನಿಂಫ್‌ಗಳು ಮೂರರಿಂದ ಐದಾರು ದಿನ ಕಚ್ಚಿಕೊಂಡಿರುತ್ತವೆ. ಒಂದೇ ರಾತ್ರಿಗೆ ನೂರಾರು ಕಿಲೋಮೀಟರ್ ಹಾರುವ ಹಕ್ಕಿಗೆ ಅಷ್ಟು ದಿನ ಸಾಕು, ಉಣುಗನ್ನು ಬೇರೆ ಹವಾಮಾನಕ್ಕೇ ಒಯ್ದುಬಿಡಬಹುದು. ಹಯಲೊಮ್ಮ ಅನ್ನುವ ಗುಂಪಿನ ಕೆಲವು ಜಾತಿಗಳದ್ದು ಇನ್ನೂ ಬೇರೆ ರೀತಿ. ಅವುಗಳ ಲಾರ್ವಾ ಹಕ್ಕಿಯ ಮೇಲೆಯೇ ಪೊರೆ ಕಳಚಿ ನಿಂಫ್ ಆಗಿ, ಅಲ್ಲೇ ಮತ್ತೆ ರಕ್ತ ಹೀರುತ್ತದೆ. ಎರಡೂ ಹಂತ ಸೇರಿ ಮೂರು ವಾರ ದಾಟಬಹುದು. ಆಫ್ರಿಕಾದಲ್ಲಿ, ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್‌ನಲ್ಲಿ ಹತ್ತಿದ ಉಣುಗು ಸಹಾರಾ, ಮೆಡಿಟರೇನಿಯನ್ ಎರಡನ್ನೂ ದಾಟಿ ಉತ್ತರ ಯುರೋಪಿನಲ್ಲಿ ಇಳಿಯಲು ಇಷ್ಟು ಸಮಯ ಧಾರಾಳ.

ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಹಿಡಿದು ನೋಡಿದವರಲ್ಲಿ ಹ್ಯಾರಿ ಹೂಗ್‌ಸ್ಟ್ರಾಲ್ ಮುಖ್ಯರು. ಕೈರೋದಲ್ಲಿದ್ದ ಅಮೆರಿಕನ್ ನೌಕಾಪಡೆಯ ವೈದ್ಯಕೀಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅವರು ಈಜಿಪ್ಟಿನ ಮೂಲಕ ಹಾದುಹೋಗುವ ಹಕ್ಕಿಗಳ ಮೈಮೇಲಿನ ಉಣುಗುಗಳನ್ನು ಕಲೆಹಾಕಿದರು. 1961ರಲ್ಲಿ ಆ ಕೆಲಸದ ಮೊದಲ ವರದಿ ಹೊರಬಂತು. ಉಣುಗುಗಳು ಖಂಡಗಳ ನಡುವೆ ಎರಡೂ ದಿಕ್ಕಿಗೆ ಪ್ರತಿ ವರ್ಷ ಓಡಾಡುತ್ತಿವೆ ಅನ್ನುವುದಕ್ಕೆ ಕೈಯಲ್ಲಿ ಹಿಡಿದು ತೋರಿಸುವ ಪುರಾವೆ ಸಿಕ್ಕಿತು.

ಅದೇ ಹೊತ್ತಿಗೆ ಇತ್ತ ಮಲೆನಾಡಿನಲ್ಲೂ ಇದೇ ಪ್ರಶ್ನೆ ಎದ್ದಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೆ ವಿಪರೀತ ಜ್ವರ ಬಂತು. ಮಂಗನ ಕಾಯಿಲೆ. ವೈರಸ್ ಸಿಕ್ಕಾಗ ಅದು ರಷ್ಯಾದ ಕಾಡುಗಳಲ್ಲಿ ಉಣುಗು ಹರಡುವ ಮಿದುಳು ಜ್ವರದ ವೈರಸ್‌ಗೆ ಹತ್ತಿರದ ನೆಂಟ ಅಂತ ಗೊತ್ತಾಯಿತು. ಸೈಬೀರಿಯಾದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳೇ ಉಣುಗಿನ ಜೊತೆ ಇದನ್ನು ತಂದಿರಬೇಕು ಅನ್ನುವ ಶಂಕೆ ಸಹಜವಾಗಿಯೇ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿಯವರ ಮುಂದಾಳತ್ವದಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಹಿಡಿದು, ಉಂಗುರ ತೊಡಿಸಿ, ಉಣುಗು ಹುಡುಕುವ ದೊಡ್ಡ ಯೋಜನೆ ಶುರು ಮಾಡಿತು.

ಹಕ್ಕಿಗಳೇ ರೋಗ ತಂದವು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ರೋಗದ ಬೇರು ಸ್ಥಳೀಯ ಕಾಡಿನಲ್ಲೇ ಇತ್ತು. ಹೆಮಫೈಸಾಲಿಸ್ ಅನ್ನುವ ಗುಂಪಿನ ಕಾಡುಣುಗುಗಳು, ಸಣ್ಣ ಪ್ರಾಣಿಗಳು, ಮಂಗಗಳು, ಇವುಗಳ ನಡುವೆ ವೈರಸ್ ಸುತ್ತುತ್ತಿತ್ತು. ಕಾಡು ಕಡಿದು ಒಳಗೆ ಹೋದ ಮನುಷ್ಯ, ಮೇಯಲು ಬಿಟ್ಟ ದನ, ಈ ಸುತ್ತಿನೊಳಗೆ ಸಿಕ್ಕಿಕೊಂಡರು. ನನಗೆ ಈ ಪ್ರಕರಣ ಇವತ್ತಿಗೂ ಮುಖ್ಯ ಅನ್ನಿಸುತ್ತದೆ. ಶಂಕೆ ಹುಟ್ಟಿದ್ದು ತಪ್ಪಲ್ಲ, ಪರೀಕ್ಷೆ ಮಾಡಿದ್ದು ಸರಿ. ಸಿಕ್ಕ ಉತ್ತರ ಮಾತ್ರ ಹಕ್ಕಿಯನ್ನು ಬಿಟ್ಟು ನೆಲದ ಕಡೆ ಕೈ ತೋರಿಸಿತು. ಜೊತೆಗೆ, ಉಣುಗು ಹುಡುಕಲು ಹೊರಟ ಆ ಯೋಜನೆಯಿಂದಲೇ ಭಾರತಕ್ಕೆ ಬರುವ ಹಕ್ಕಿಗಳ ದಾರಿಗಳ ಬಗ್ಗೆ ನಮಗೆ ಎಷ್ಟೋ ವಿಷಯ ತಿಳಿಯಿತು.

ಬೀಳುವುದು ಒಂದು, ಬೇರೂರುವುದು ಇನ್ನೊಂದು

ಸಂಖ್ಯೆ ಕೇಳಿದರೆ ಗಾಬರಿಯಾಗುತ್ತದೆ. ಕೆನಡಾದ ಸಂಶೋಧಕರು 2008ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಪ್ರತಿ ವಸಂತದಲ್ಲಿ ವಲಸೆ ಹಕ್ಕಿಗಳು ಆ ದೇಶದಲ್ಲಿ 5 ಕೋಟಿಯಿಂದ 17.5 ಕೋಟಿಯಷ್ಟು ಕಪ್ಪುಕಾಲಿನ ಉಣುಗುಗಳನ್ನು ಚೆಲ್ಲುತ್ತವೆ. ಉಣುಗಿನ ಕಡಿತದಿಂದ ಜನರಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕಾದ ಲೈಮ್ ರೋಗವನ್ನು ಅಲ್ಲಿ ಮುಖ್ಯವಾಗಿ ಹರಡುವುದು ಇದೇ ಉಣುಗು. ಅಮೆರಿಕದಲ್ಲಿ 2015ರ ಒಂದು ಅಧ್ಯಯನ, ದಕ್ಷಿಣದಿಂದ ಬರುವ ಹಕ್ಕಿಗಳಲ್ಲಿ ಸುಮಾರು 3.5 ಶೇಕಡ ಹಕ್ಕಿಗಳ ಮೇಲೆ ಉಷ್ಣವಲಯದ ಉಣುಗುಗಳನ್ನು ಕಂಡಿತು. ಒಟ್ಟು ಲೆಕ್ಕ ವರ್ಷಕ್ಕೆ 1.9 ಕೋಟಿಯ ಆಸುಪಾಸು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕಕ್ಕೆ ಬರುವ ಆ ಉಷ್ಣವಲಯದ ಉಣುಗುಗಳಲ್ಲಿ ಹೆಚ್ಚಿನ ಜಾತಿಗಳು ಅಲ್ಲಿ ಬೇರೂರಿಲ್ಲ. ವರ್ಷ ವರ್ಷವೂ ಬಂದು ಬಿದ್ದು ಸಾಯುತ್ತವೆ. ಕೆನಡಾದಲ್ಲಿ ಮಾತ್ರ ಬೇರೆಯೇ ಆಯಿತು. 1990ರ ದಶಕದ ಶುರುವಿನವರೆಗೂ ಕಪ್ಪುಕಾಲಿನ ಉಣುಗು ಅಲ್ಲಿ ನೆಲೆಸಿದ್ದು ಗೊತ್ತಿದ್ದ ಜಾಗ ಈರಿ ಸರೋವರದ ದಂಡೆಯ ಲಾಂಗ್ ಪಾಯಿಂಟ್ ಒಂದೇ. ಆಮೇಲೆ ದಕ್ಷಿಣ ಕೆನಡಾದ ಉದ್ದಕ್ಕೂ ಹೊಸ ಹೊಸ ಜಾಗಗಳಲ್ಲಿ ಅದು ಕಂಡಿತು, ಲೈಮ್ ರೋಗವೂ ಹಿಂದೆಯೇ ಹೋಯಿತು. ಹಕ್ಕಿಗಳು ಮೊದಲೂ ಬರುತ್ತಿದ್ದವು, ಉಣುಗು ಮೊದಲೂ ಬೀಳುತ್ತಿತ್ತು. ಬದಲಾದದ್ದು ಬಿಸಿ. ಉಣುಗಿನ ಬದುಕಿನ ಸುತ್ತು ಪೂರ್ತಿಯಾಗಲು ವರ್ಷದಲ್ಲಿ ಇಷ್ಟು ದಿನ ಇಷ್ಟು ಬೆಚ್ಚಗಿರಬೇಕು ಅನ್ನುವ ಮಿತಿ ಇದೆ. ಆ ಮಿತಿಯ ಗೆರೆ ಉತ್ತರಕ್ಕೆ ಸರಿದಂತೆ, ಮೊದಲು ವ್ಯರ್ಥವಾಗುತ್ತಿದ್ದ ಬಿತ್ತನೆ ಮೊಳೆಯಿತು. ಅದರ ಜೊತೆಗೆ ಬೆಳೆದ ಉಣುಗಿಗೆ ರಕ್ತ ಕೊಡುವ ಜಿಂಕೆ, ಮರಿಗಳಿಗೆ ರಕ್ತ ಕೊಡುವ ಕಾಡಿಲಿ, ಒಣಗದ ತರಗೆಲೆ, ಇಷ್ಟೂ ಬೇಕು.

ಯುರೋಪಿನಲ್ಲಿ ಇದೇ ಪಾಠ 2018ರಲ್ಲಿ ಕಣ್ಣಿಗೆ ಕಟ್ಟಿತು. ಆ ವರ್ಷ ಬೇಸಿಗೆ ವಿಪರೀತ ಬಿಸಿ, ವಿಪರೀತ ಒಣ. ಜರ್ಮನಿ, ಸ್ವೀಡನ್, ಬ್ರಿಟನ್‌ಗಳಲ್ಲಿ ಬೆಳೆದ ಹಯಲೊಮ್ಮ ಉಣುಗುಗಳು ಕಾಣಿಸಿಕೊಂಡವು. ಬ್ರಿಟನ್‌ನಲ್ಲಿ ಸಿಕ್ಕದ್ದು ದೇಶ ಬಿಟ್ಟು ಎಲ್ಲಿಗೂ ಹೋಗದ ಒಂದು ಕುದುರೆಯ ಮೈಮೇಲೆ. ವಸಂತದಲ್ಲಿ ಹಕ್ಕಿಯಿಂದ ಬಿದ್ದ ನಿಂಫ್ ಅಲ್ಲಿಯ ಮಣ್ಣಿನಲ್ಲೇ ಪೊರೆ ಕಳಚಿ ಬೆಳೆದು, ಕುದುರೆಯನ್ನು ಹುಡುಕಿ ಹತ್ತಿತ್ತು ಅನ್ನುವುದೇ ಅದಕ್ಕೆ ಒಪ್ಪುವ ವಿವರಣೆ. ಇಂಥ ನಿಂಫ್‌ಗಳು ಹಿಂದಿನ ವರ್ಷಗಳಲ್ಲೂ ಬರುತ್ತಿದ್ದವು. ತಂಪು ಬೇಸಿಗೆಯಲ್ಲಿ ಅವು ಬೆಳೆಯುವುದು ಕಷ್ಟ.

ಹಯಲೊಮ್ಮದ ಬಗ್ಗೆ ಇಷ್ಟು ಚಿಂತೆ ಯಾಕೆಂದರೆ ಅದು ಕ್ರೈಮಿಯನ್-ಕಾಂಗೋ ರಕ್ತಸ್ರಾವ ಜ್ವರದ ವೈರಸ್ ಹೊರುತ್ತದೆ. 1944ರಲ್ಲಿ ಕ್ರೈಮಿಯಾದ ಸೋವಿಯತ್ ಸೈನಿಕರಲ್ಲಿ ಕಂಡ ಜ್ವರ, 1956ರಲ್ಲಿ ಕಾಂಗೋದಲ್ಲಿ ಸಿಕ್ಕ ವೈರಸ್, ಎರಡೂ ಒಂದೇ ಅಂತ 1969ರಲ್ಲಿ ಗೊತ್ತಾಯಿತು. ರೋಗ ಹಿಡಿದವರಲ್ಲಿ 10ರಿಂದ 40 ಶೇಕಡ ಜನ ಸಾಯಬಹುದು. ಸ್ಪೇನಿನಲ್ಲಿ 2010ರಲ್ಲಿ ಕೆಂಪು ಜಿಂಕೆಗಳಿಂದ ತೆಗೆದ ಉಣುಗುಗಳಲ್ಲಿ ಈ ವೈರಸ್ ಸಿಕ್ಕಿತು. ಅದರ ತಳಿ ಪಶ್ಚಿಮ ಆಫ್ರಿಕಾದ್ದನ್ನು ಹೋಲುತ್ತಿತ್ತು. ಮೊರಾಕೊದಲ್ಲಿ ಹಿಡಿದ ವಲಸೆ ಹಕ್ಕಿಗಳ ಮೇಲಿನ ಉಣುಗುಗಳಲ್ಲೂ ಅದೇ ಬಗೆಯದು ಕಂಡದ್ದನ್ನು 2013ರಲ್ಲಿ ವರದಿ ಮಾಡಿದರು. 2016ರಲ್ಲಿ ಮ್ಯಾಡ್ರಿಡ್‌ನಲ್ಲಿ ಉಣುಗು ಕಚ್ಚಿದ ಒಬ್ಬರು ತೀರಿಕೊಂಡರು, ಅವರನ್ನು ಆರೈಕೆ ಮಾಡಿದ ನರ್ಸ್‌ಗೂ ಸೋಂಕು ತಗುಲಿ, ಅವರು ಬದುಕಿದರು. ದಕ್ಷಿಣ ಫ್ರಾನ್ಸಿನ ಉಣುಗುಗಳಲ್ಲಿ ವೈರಸ್ ಇರುವುದು 2023ರಲ್ಲಿ ತಿಳಿಯಿತು.

ಇಷ್ಟಾದ ಮೇಲೂ ಹಕ್ಕಿಯ ಪಾತ್ರವನ್ನು ಅಳತೆ ಮೀರಿ ಹಿಗ್ಗಿಸಬಾರದು. ಉಷ್ಟ್ರಪಕ್ಷಿಯಂಥ ಒಂದೆರಡನ್ನು ಬಿಟ್ಟರೆ ಈ ವೈರಸ್ ಹಕ್ಕಿಗಳ ರಕ್ತದಲ್ಲಿ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಹಕ್ಕಿ ಇಲ್ಲಿ ಉಣುಗನ್ನು ಹೊರುವ ವಾಹನ ಅಷ್ಟೇ. ವೈರಸ್ ಉಳಿಯುವುದು ಉಣುಗಿನಲ್ಲಿ, ಒಂದು ಹಂತದಿಂದ ಮುಂದಿನ ಹಂತಕ್ಕೆ, ಕೆಲವೊಮ್ಮೆ ತಾಯಿಯಿಂದ ಮೊಟ್ಟೆಗೆ. ಹಡಗು, ಲಾರಿಗಳಲ್ಲಿ ದೇಶ ದಾಟುವ ದನ, ಕುರಿಗಳ ಮೈಮೇಲೆ ಬೆಳೆದ ಉಣುಗುಗಳೇ ಬರುತ್ತವೆ. ಅವು ನೇರವಾಗಿ ಮೊಟ್ಟೆ ಇಡಬಲ್ಲವು. ಹಕ್ಕಿಯಿಂದ ಬೀಳುವ ನಿಂಫ್‌ಗೆ ಇನ್ನೂ ಬೆಳೆಯಬೇಕು, ಜೊತೆ ಹುಡುಕಬೇಕು, ದೊಡ್ಡ ಪ್ರಾಣಿ ಸಿಗಬೇಕು.

ಹಕ್ಕಿ ಬರೀ ವಾಹನ ಅಲ್ಲದ ಕಡೆ

ಲೈಮ್ ರೋಗದ ವಿಷಯದಲ್ಲಿ ಮಾತ್ರ ಹಕ್ಕಿಗೆ ಜಾಸ್ತಿ ಪಾಲಿದೆ. ಆ ರೋಗ ತರುವ ಬೊರೇಲಿಯಾ ಬ್ಯಾಕ್ಟೀರಿಯಾದ ಕೆಲವು ಬಗೆಗಳು ಹಕ್ಕಿಯ ಮೈಯೊಳಗೇ ಉಳಿಯುತ್ತವೆ. 2000ನೇ ಇಸವಿಯಲ್ಲಿ ಸ್ವೀಡನ್ನಿನ ಸಂಶೋಧಕರು ರೆಡ್‌ವಿಂಗ್ ಅನ್ನುವ ಹಕ್ಕಿಗಳಿಗೆ ಈ ಸೋಂಕು ತಗುಲಿಸಿ, ಬೆಳಕಿನ ಅವಧಿ ಬದಲಿಸಿ ವಲಸೆಯ ಕಾಲ ಬಂತು ಅನ್ನುವ ಹಾಗೆ ಮಾಡಿದರು. ಹಕ್ಕಿಗಳು ರಾತ್ರಿಯೆಲ್ಲ ಚಡಪಡಿಸತೊಡಗಿದವು. ಆಗ ಮೈಯೊಳಗೆ ಅಡಗಿದ್ದ ಬ್ಯಾಕ್ಟೀರಿಯಾ ಮತ್ತೆ ರಕ್ತಕ್ಕೆ ಬಂತು. ಅಂದರೆ ಹಾರಾಟದ ಒತ್ತಡವೇ ಸೋಂಕನ್ನು ಎಬ್ಬಿಸಬಲ್ಲದು. ದಾರಿಯಲ್ಲಿ ತಂಗಿದ ಜಾಗದ ಉಣುಗು ಅಂಥ ಹಕ್ಕಿಯನ್ನು ಕಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ದಾಟುತ್ತದೆ.

ಕಡಲ ಹಕ್ಕಿಗಳಲ್ಲಿ ಈ ಸುತ್ತು ಇನ್ನೂ ದೂರ ಚಾಚಿದೆ. ಇಕ್ಸೋಡಿಸ್ ಯೂರಿಯೆ ಅನ್ನುವ ಉಣುಗು ಎರಡೂ ಧ್ರುವಗಳ ಕಡೆಯ ಹಕ್ಕಿ ಕಾಲೊನಿಗಳಲ್ಲಿ ಇದೆ. ಐಸ್‌ಲ್ಯಾಂಡಿನ ಕಡೆಯ ಉಣುಗುಗಳಲ್ಲಿ ಸಿಕ್ಕ ಬೊರೇಲಿಯಾದ್ದೇ ತಳಿ ದಕ್ಷಿಣ ಗೋಳಾರ್ಧದ ಕ್ರೋಜೆ, ಕ್ಯಾಂಬೆಲ್ ದ್ವೀಪಗಳಲ್ಲೂ ಸಿಕ್ಕಿತು. ಅದನ್ನು 1995ರಲ್ಲಿ ವರದಿ ಮಾಡಿದಾಗ, ಇಷ್ಟು ದೂರ ಅದನ್ನು ಒಯ್ದವರು ಕಡಲ ಹಕ್ಕಿಗಳಲ್ಲದೆ ಬೇರೆ ಯಾರೂ ಇರಲಾರರು ಅಂತ ಕಂಡಿತು. ಈ ಉಣುಗು ಹಕ್ಕಿಯನ್ನೂ ಬಿಡುವುದಿಲ್ಲ, ರಾಜ ಪೆಂಗ್ವಿನ್‌ಗಳು ಇದರ ಮುತ್ತಿಗೆಗೆ ಸತ್ತ ಉದಾಹರಣೆ ಇದೆ. ಮ್ಯಾಕರೋನಿ ಪೆಂಗ್ವಿನ್‌ಗಳಲ್ಲಿ ಜೋಡಿ ಇರುವ ಹಕ್ಕಿಗಳ ಮೇಲೆ ಒಂಟಿ ಹಕ್ಕಿಗಳಿಗಿಂತ ಕಡಿಮೆ ಉಣುಗು ಇರುತ್ತದೆ. ತನ್ನ ತಲೆಗೆ ತನ್ನ ಕೊಕ್ಕು ನಿಲುಕದು, ಜೊತೆಯದ್ದು ನಿಲುಕುತ್ತದೆ.

ವಲಸೆಯೇ ಒಂದು ರಕ್ಷಣೆ ಅನ್ನುವ ವಾದವೂ ಇದೆ, ಅದರಲ್ಲಿ ಹುರುಳಿದೆ. ಒಂದೇ ಜಾಗದಲ್ಲಿ ವರ್ಷವಿಡೀ ಇದ್ದರೆ ಗೂಡು, ನೆಲ ಎಲ್ಲ ಕಡೆ ಪರಾವಲಂಬಿ ತುಂಬಿಕೊಳ್ಳುತ್ತದೆ. ಹಕ್ಕಿ ಹೊರಟುಹೋದರೆ ಹಿಂದೆ ಉಳಿದವುಗಳಲ್ಲಿ ಎಷ್ಟೋ ಹಸಿವಿನಿಂದ ಸಾಯುತ್ತವೆ. ಸೋಂಕು ಜಾಸ್ತಿಯಾದ ಹಕ್ಕಿ ದೂರದ ಹಾರಾಟದಲ್ಲಿ ಬಿದ್ದುಹೋಗುವುದರಿಂದ ಗುಂಪಿನಲ್ಲಿ ರೋಗವೂ ತಗ್ಗುತ್ತದೆ. ಹಾಗಾಗಿ ವಲಸೆ ಹಕ್ಕಿ ಅಂದರೆ ರೋಗದ ಮೂಟೆ ಅನ್ನುವ ಚಿತ್ರ ಸರಿಯಲ್ಲ. ನಾವು ಕೆರೆ, ಜೌಗುಗಳನ್ನು ಮುಚ್ಚಿ, ಉಳಿದ ಒಂದೆರಡು ಜಾಗಗಳಲ್ಲೇ ಹಕ್ಕಿಗಳೆಲ್ಲ ಒತ್ತೊತ್ತಾಗಿ ತಂಗುವ ಹಾಗೆ ಮಾಡಿದರೆ, ಒಂದರಿಂದ ಒಂದಕ್ಕೆ ದಾಟುವುದು ಸುಲಭವಾಗುತ್ತದೆ.

ಮುಂದೇನು ಮಾಡಬೇಕು? ಹಕ್ಕಿಗಳನ್ನು ಓಡಿಸುವುದು, ತಂಗುದಾಣ ಕೆಡಿಸುವುದು ಸುಮ್ನೆ ಹಾನಿ. ಹಾಗೆ ಮಾಡಿದರೆ ಅವು ಬೇರೆ ಕಡೆ ಇಳಿಯುತ್ತವೆ, ಉಣುಗೂ ಅಲ್ಲೇ ಇಳಿಯುತ್ತದೆ. ಉಂಗುರ ತೊಡಿಸುವ ಕೇಂದ್ರಗಳಿಗೆ ಹಣ, ಪ್ರಯೋಗಾಲಯದ ಸಂಪರ್ಕ ಎರಡೂ ಕೊಡಬೇಕು. ಅಲ್ಲಿ ಕೆಲಸ ಮಾಡುವವರಲ್ಲಿ ಬಹಳ ಮಂದಿ ಸ್ವಯಂಸೇವಕರು, ಬೆಳಗಿನ ಜಾವ ಎದ್ದು ಬಲೆ ಕಟ್ಟುವವರು. ಅವರು ಉಣುಗು ಸಿಕ್ಕ ಹಕ್ಕಿಯನ್ನಷ್ಟೇ ಬರೆದರೆ ಸಾಲದು, ಹುಡುಕಿಯೂ ಸಿಗದ ಹಕ್ಕಿಗಳ ಲೆಕ್ಕವೂ ಬೇಕು. ಅದಿಲ್ಲದೆ ಹೋದ ವರ್ಷಕ್ಕಿಂತ ಈ ವರ್ಷ ಉಣುಗು ಹೆಚ್ಚಾಯಿತೋ, ಹುಡುಕಿದವರು ಹೆಚ್ಚಾದರೋ ಹೇಳಲಾಗದು.

ಆದರೆ ಬೇರೂರಿದೆಯೇ ಅನ್ನುವ ಪ್ರಶ್ನೆಗೆ ಉತ್ತರ ಹಕ್ಕಿಯ ಮೈಮೇಲೆ ಸಿಗುವುದಿಲ್ಲ. ಬೆಳೆದ ಹಯಲೊಮ್ಮ ಹಕ್ಕಿಗೆ ಹತ್ತುವುದು ಅಪರೂಪ, ಅದು ಹುಡುಕುವುದು ದನ, ಕುದುರೆ, ಕುರಿಯನ್ನು. ಸಾಮಾನ್ಯ ಉಣುಗಿಗಿಂತ ದೊಡ್ಡದು, ಕಾಲುಗಳಲ್ಲಿ ತಿಳಿ-ಕಡು ಪಟ್ಟೆ. ಹುಲ್ಲಿನ ತುದಿಯಲ್ಲಿ ಕಾದು ಕೂರುವುದಿಲ್ಲ, ಪ್ರಾಣಿಯ ಕಡೆಗೆ ನೆಲದ ಮೇಲೆ ಓಡಿಬರುತ್ತದೆ. ಅದು ಕಾಣಿಸದಿದ್ದ ನಾಡಿನಲ್ಲಿ ಮೊದಲು ಅದನ್ನು ಕಾಣುವವರು ಪ್ರಾಣಿ ಸಾಕುವವರು ಮತ್ತು ಪಶುವೈದ್ಯರು. ಅಂಥದ್ದು ಕಂಡರೆ ಬರಿಗೈಯಲ್ಲಿ ಹಿಸುಕಬಾರದು. ಚಿಮಟದಿಂದ ತೆಗೆದು, ಮುಚ್ಚಳವಿರುವ ಡಬ್ಬಿಗೆ ಹಾಕಿ, ಸಿಕ್ಕ ತಾರೀಖು, ಜಾಗ ಬರೆದು ಪಶುವೈದ್ಯರಿಗೆ ಕೊಡಬೇಕು. ಒಂದು ಸಿಕ್ಕರೆ ಹಕ್ಕಿಯಿಂದ ಬಿದ್ದದ್ದಿರಬಹುದು. ಅದೇ ಜಾಗದಲ್ಲಿ ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಸಿಗುತ್ತಿದ್ದರೆ, ಗಂಡು ಹೆಣ್ಣು ಎರಡೂ ಇದ್ದರೆ, ಅದು ಅಲ್ಲೇ ಹುಟ್ಟಿ ಬೆಳೆಯುತ್ತಿರಬಹುದು. ಅಲ್ಲಿಂದ ಮುಂದೆ ಹುಡುಕಾಟ ಸುತ್ತಲಿನ ಹುಲ್ಲುಗಾವಲಿನಲ್ಲಿ, ಮೊಲ, ಹೆಜ್‌ಹಾಗ್ ಅನ್ನುವ ಮುಳ್ಳುಮೈಯ ಪುಟ್ಟ ಪ್ರಾಣಿ ಇವುಗಳ ಮೇಲೆ, ಕೊಟ್ಟಿಗೆಯಲ್ಲಿ ನಡೆಯಬೇಕು.